ಚಿನ್ನದ ಗುಡ್ಡ, ಎರಡು ಹೊಳೆ

ಕೋಲಾರ ಚಿನ್ನದ ಗಣಿಯ ಪಶ್ಚಿಮಕ್ಕೆ ತೆಂಕು–ಬಡಗಾಗಿ ಚಾಚಿದ ಯರ್ರಕೊಂಡ ಗುಡ್ಡಸಾಲು ಎತ್ತರದಲ್ಲಿ ಹೇಳಿಕೊಳ್ಳುವಂಥದ್ದಲ್ಲ. ವಯಸ್ಸಿನಲ್ಲಿ ಮಾತ್ರ ಹಿಮಾಲಯ ಇದರ ಮುಂದೆ ಕೂಸು. ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಗಟ್ಟಿಯಾಗಿ, ಒತ್ತಡ ಮತ್ತು ಕಾವಿಗೆ ಸಿಕ್ಕಿ ಕಪ್ಪು ಪದರಶಿಲೆಯಾಯಿತು. ಅದರ ಬಿರುಕುಗಳಿಗೆ ನುಗ್ಗಿದ ಬಿಸಿನೀರು ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಬಿಟ್ಟುಹೋಯಿತು. ಈ ಶಿಲಾಪಟ್ಟಿಯ ಉದ್ದ ಸುಮಾರು 80 ಕಿ.ಮೀ., ಅಗಲ ಮೂರ್ನಾಲ್ಕು ಕಿ.ಮೀ. ಅಷ್ಟೆ. ಮೆತ್ತನೆಯ ಕಲ್ಲು ಮಳೆಗಾಳಿಗೆ ಸವೆದುಹೋಯಿತು, ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು.

ಈ ಸೀಮೆಯ ಮಳೆನೀರು ಒಂದೇ ದಾರಿ ಹಿಡಿಯುವುದಿಲ್ಲ. ಪೂರ್ವದ ನೀರು ಪಾಲಾರ್ ಸೇರಿ ಕಲ್ಪಾಕ್ಕಂ ಬಳಿಯ ವಯಲೂರಿನಲ್ಲಿ ಕಡಲು ಕಾಣುತ್ತದೆ. ಬೂದಿಕೋಟೆ ಕಡೆಯ ನೀರು ಮಾರ್ಕಂಡೇಯ ಹೊಳೆಯಾಗಿ ದಕ್ಷಿಣ ಪಿನಾಕಿನಿಗೆ ಕೂಡಿ ಕಡಲೂರಿನತ್ತ ಹರಿಯುತ್ತದೆ.

ವರ್ಷವಿಡೀ ಹರಿಯದ ಪಾಲಾರ್‌ಗೆ ಇಲ್ಲಿನವರು ಕೆರೆ ಕಟ್ಟಿದರು. ಹಿಂದೆ ವಿಜಯಾದಿತ್ಯಮಂಗಲ ಎನಿಸಿದ್ದ ಬೇತಮಂಗಲದ ಕೆರೆ ಹತ್ತನೇ ಶತಮಾನದಲ್ಲೇ ದುರಸ್ತಿ ಕಂಡಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗೆ ಕೈಹಾಕಿದ ಮೇಲೆ ಬೆಳೆದ ಊರಿನ ದಾಹ ತಣಿಸಿದ್ದೂ ಬೇತಮಂಗಲದ ನೀರೇ. 1902ರಲ್ಲಿ ಗಣಿಗೆ ವಿದ್ಯುತ್ ಬಂದದ್ದು ದೂರದ ಶಿವನಸಮುದ್ರದಿಂದ, ಕಾವೇರಿಯ ನೀರಿನ ಬಲದಿಂದ.

ಇಲ್ಲಿನ ಹೊಳೆಗಳು ಸಣ್ಣವಾದರೂ ವ್ಯಾಜ್ಯ ದೊಡ್ಡದು. 1892ರ ಮೈಸೂರು–ಮದ್ರಾಸ್ ನದಿನೀರು ಒಪ್ಪಂದದ ಪಟ್ಟಿಯಲ್ಲಿ ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಇವೆ. ಬಂಗಾರಪೇಟೆ ತಾಲ್ಲೂಕಿನ ಯರಗೋಳದಲ್ಲಿ ಕುಡಿಯುವ ನೀರಿಗೆಂದು ಮಾರ್ಕಂಡೇಯಕ್ಕೆ ಅಣೆಕಟ್ಟು ಕಟ್ಟಲು ಹೊರಟಾಗ ತಮಿಳುನಾಡು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2019ರ ನವೆಂಬರ್‌ನಲ್ಲಿ ಆ ಅರ್ಜಿ ವಜಾ ಆಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ನೀರುಣಿಸುವ ಯೋಜನೆ ಈಗ ಉದ್ಘಾಟನೆಯನ್ನೂ ಕಂಡಿದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು: ಚಿನ್ನ ತೆಗೆದು ಬಿಸುಟ ಕಲ್ಲುಹುಡಿಯ 13 ಗುಡ್ಡೆಗಳು. ಗಾಳಿ ಬೀಸಿದರೆ ಹುಡಿ ಮನೆಗಳಿಗೆ, ಮಳೆ ಹುಯ್ದರೆ ಹಳ್ಳಗಳಿಗೆ. ಈ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ.

ಚಿನ್ನದ ಲೆಕ್ಕ ಹಾಕುವವರು ನೀರಿನ ಲೆಕ್ಕವನ್ನೂ ಹಾಕಲಿ. ದಿಬ್ಬ ಅಗೆಯುವ ಮೊದಲು ಅಲ್ಲಿಂದ ಇಳಿಯುವ ಪ್ರತಿಯೊಂದು ಹಳ್ಳವೂ ಯಾವ ಕೆರೆ ಸೇರುತ್ತದೆ ಎಂಬ ನಕ್ಷೆ ಜನರ ಮುಂದೆ ಬರಬೇಕು.