ಹಾನಗಲ್ಲ ಸೀಮೆಯ ವಿದ್ಯಾರ್ಥಿಗಳು ಮತ್ತು ಬೋರ್ಡಿಂಗುಗಳ ಬಳಗ

ಈಗ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ಕೋಡ ತಾಲ್ಲೂಕಿನ, ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿಯ ಊರುಗಳಾಗಿದ್ದರೆ, ಸವಣೂರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಆಡಳಿತ ಬೇರೆ ಬೇರೆಯಾದರೂ ಈ ನಾಲ್ಕೂ ಕಡೆಯ ಹಳ್ಳಿಯ ಹುಡುಗನ ಪಾಡು ಒಂದೇ ಆಗಿತ್ತು: ಮುಲ್ಕಿ ಪರೀಕ್ಷೆ, ಅಂದರೆ ಕನ್ನಡ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ, ಪಾಸಾದ ಮೇಲೆ ಇಂಗ್ಲಿಷ್ ಶಾಲೆಗೆ ಊರು ಬಿಡಬೇಕು, ಕಾಲೇಜಿಗಾದರೆ ಸೀಮೆಯನ್ನೇ ಬಿಡಬೇಕು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಪದವಿ ಬೇಕೆಂದವರು ಪುಣೆ ಇಲ್ಲವೆ ಮುಂಬಯಿಗೇ ಹೋಗಬೇಕಿತ್ತು. ಕಾಲೇಜು ಧಾರವಾಡಕ್ಕೆ ಬಂದ ಮೇಲೂ, ರೈಲಿಲ್ಲದ ಹಾನಗಲ್ಲ ಹಿರೇಕೆರೂರುಗಳಿಂದ ಚಕ್ಕಡಿಯಲ್ಲಿ ಹಾವೇರಿ ನಿಲ್ದಾಣ ಮುಟ್ಟಿ ಅಲ್ಲಿಂದ ಹೊರಟ ಹುಡುಗನಿಗೆ ಪ್ರವೇಶ ಸಿಕ್ಕರೆ ಸಾಲುತ್ತಿರಲಿಲ್ಲ, ಎರಡು ಹೊತ್ತಿನ ಊಟ, ಮಲಗಲು ಜಾಗ ಮತ್ತು ತನ್ನವರೆನ್ನಿಸುವ ಒಂದು ಬಳಗ ಬೇಕಾಗಿತ್ತು.

ಇಂಥದೇ ಕೊರತೆಯಿಂದ ಹುಟ್ಟಿದ ವಿದ್ಯಾರ್ಥಿ ಸಂಘಗಳು ಅಮೆರಿಕದಲ್ಲಿ ‘ಫ್ರಟರ್ನಿಟಿ’ ಎಂದು ಹೆಸರಾಗಿವೆ. ಗ್ರೀಕ್ ಅಕ್ಷರಗಳ ಹೆಸರು ಹೊತ್ತು, ಪ್ರತಿಜ್ಞೆ ಮಾಡಿಸಿ ಸದಸ್ಯನನ್ನು ಸಹೋದರನೆಂದು ಸ್ವೀಕರಿಸುವ ಈ ಸಂಘಗಳು ಕಾಲೇಜು ಕಾಲೇಜಿಗೂ ‘ಚಾಪ್ಟರ್’ ಎಂಬ ಶಾಖೆಗಳನ್ನು ತೆರೆಯುತ್ತವೆ, ಕೇಂದ್ರ ಸಂಘದ ಮನ್ನಣೆ ಪಡೆದ ಒಂದು ಶಾಖೆಗೆ ಸೇರಿದವನು ಬೇರೆ ಊರಿನ ಶಾಖೆಗೂ ಒಳಗಿನವನೇ ಆಗುತ್ತಾನೆ. ಲ್ಯಾಟಿನೊಗಳು, ಅಂದರೆ ಲ್ಯಾಟಿನ್ ಅಮೆರಿಕದ ನಾಡುಗಳಿಂದ ಬಂದವರು ಮತ್ತು ಅವರ ವಂಶದವರು, ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದ ರೆನ್ಸೆಲರ್ ತಾಂತ್ರಿಕ ವಿದ್ಯಾಲಯದಲ್ಲಿ 1898ರಷ್ಟು ಹಿಂದೆಯೇ ಒಂದು ಸಂಘ ಕಟ್ಟಿಕೊಂಡಿದ್ದರು, ಆ ಪರಂಪರೆಯಿಂದ 1931ರ ಡಿಸೆಂಬರ್ 26ರಂದು ‘ಫೈ ಅಯೋಟಾ ಆಲ್ಫಾ’ ರೂಪುಗೊಂಡಿತು. ವಲಸೆ ಬಂದ ಮನೆತನಗಳ ಮಕ್ಕಳು ಕಾಲೇಜು ಸೇರತೊಡಗಿದ ಕಾಲದಲ್ಲಿ, 1975ರಲ್ಲಿ, ನ್ಯೂಜೆರ್ಸಿಯ ಕೀನ್ ಕಾಲೇಜಿನಲ್ಲಿ ‘ಲ್ಯಾಂಬ್ಡಾ ಥೀಟಾ ಫೈ’ ಹುಟ್ಟಿತು, ಅದೇ ವರ್ಷ ಅಲ್ಲಿಯೇ ವಿದ್ಯಾರ್ಥಿನಿಯರು ತಮ್ಮದೇ ಆದ ‘ಲ್ಯಾಂಬ್ಡಾ ಥೀಟಾ ಆಲ್ಫಾ’ವನ್ನು ಸ್ಥಾಪಿಸಿದರು.

ಧಾರವಾಡ ಸೀಮೆಯಲ್ಲಿ ಈ ಕೊರತೆಯನ್ನು ತುಂಬಿದ್ದು ಪ್ರಸಾದ ನಿಲಯಗಳು, ಜನರ ಬಾಯಲ್ಲಿ ‘ಬೋರ್ಡಿಂಗು’ಗಳು. ಇವುಗಳನ್ನು ಕಟ್ಟಿದವರು ವಿದ್ಯಾರ್ಥಿಗಳಲ್ಲ, ಮಠಗಳು, ಸಮಾಜದ ಹಿರಿಯರು ಮತ್ತು ಕಾಳು ಕೊಟ್ಟ ಒಕ್ಕಲಿಗರು. ಅಮೆರಿಕದ ಸಂಘಗಳಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಲಿಂಗಾಯತ ಸಮಾಜದ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರು 1883ರಲ್ಲಿಯೇ ಧಾರವಾಡದಲ್ಲಿ ಸಂಸ್ಥೆಯೊಂದನ್ನು ಆರಂಭಿಸಿದ್ದರು, 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆದರೆ ಈ ಚಟುವಟಿಕೆಯನ್ನು ಪೇಟೆಯ ಪದವೀಧರರ ಕೈಯಿಂದ ಹಳ್ಳಿಯ ಮಠಗಳವರೆಗೆ ತಲುಪಿಸಿದ ಕೀರ್ತಿ ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳಿಗೆ ಸಲ್ಲಬೇಕು.

1867ರಲ್ಲಿ ಹುಟ್ಟಿ 1930ರಲ್ಲಿ ಲಿಂಗೈಕ್ಯರಾದ ಕುಮಾರ ಸ್ವಾಮಿಗಳು 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕೂಡಲು ಪ್ರೇರಕರಾದರು, ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷತೆ ವಹಿಸಿದ್ದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಅವರು ಸ್ಥಾಪಿಸಿದ ಶಿವಯೋಗಮಂದಿರವು ಮಠಾಧಿಪತಿಗಳಾಗಲಿರುವ ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ ಮತ್ತು ವಚನಶಾಸ್ತ್ರದ ಶಿಕ್ಷಣ ಕೊಡುವ ಕೇಂದ್ರವಾಯಿತು. ಅಲ್ಲಿಯ ಪ್ರಭಾವಕ್ಕೆ ಒಳಗಾದವರು ನಾಡಿನ ಮಠಗಳಿಗೆ ಹೋದಲ್ಲೆಲ್ಲ ಶಾಲೆ, ಪಾಠಶಾಲೆ, ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಯಾವ ಕೇಂದ್ರ ಕಚೇರಿಯ ಅಪ್ಪಣೆಯೂ ಇಲ್ಲದೆ, ಗುರುಪರಂಪರೆಯ ನಂಟಿನಿಂದಲೇ ಶಾಖೆ ಒಡೆದ ಈ ಬೆಳವಣಿಗೆಯನ್ನು ಸಮಾಜದ ಇತಿಹಾಸ ಬರೆಯುವವರು ಇನ್ನಷ್ಟು ಗಂಭೀರವಾಗಿ ನೋಡಬೇಕಾಗಿದೆ.

ಬೋರ್ಡಿಂಗಿನ ಬದುಕು ಸರಳವೂ ಕಟ್ಟುನಿಟ್ಟಿನದೂ ಆಗಿತ್ತು. ನಸುಕಿನಲ್ಲಿ ಎದ್ದು ಸ್ನಾನ, ವಿಭೂತಿ ಧಾರಣೆ, ಪ್ರಾರ್ಥನೆ, ಆಮೇಲೆ ಅಭ್ಯಾಸ, ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು, ಬಡಿಸುವ, ನೀರು ತುಂಬುವ, ಅಂಗಳ ಗುಡಿಸುವ ಕೆಲಸ ಹುಡುಗರಿಗೇ ಪಾಳಿಯ ಮೇಲೆ. ಸ್ವಾಮಿಗಳು ಸುಗ್ಗಿಯಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿದಾಗ ಕಣದಲ್ಲಿ ರಾಶಿ ಮಾಡುತ್ತಿದ್ದ ರೈತ ಮೊದಲ ಪಾಲನ್ನು ಮಠಕ್ಕೆಂದು ತೆಗೆದಿಡುತ್ತಿದ್ದನು. ತನ್ನ ಮನೆಯ ಹುಡುಗ ಓದದಿದ್ದರೂ ತಾನು ಕೊಟ್ಟ ಕಾಳಿನಿಂದ ಯಾರದೋ ಮನೆಯ ಹುಡುಗ ಓದುತ್ತಾನೆ ಎಂಬ ಅರಿವು ಅವನಿಗಿತ್ತು. ಹೀಗೆ ಅಕ್ಷರ ಬಾರದ ಜನರು ಕಾಲೇಜು ವಿದ್ಯೆಯ ಖರ್ಚನ್ನು ಹೊತ್ತದ್ದು ಈ ಭಾಗದ ಇತಿಹಾಸದಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಸಂಗತಿ.

ಕುಮಾರ ಸ್ವಾಮಿಗಳ ಆಸರೆಯಲ್ಲಿಯೇ ಬೆಳೆದ ಇನ್ನೊಂದು ಬಳಗವು ಕಾಲೇಜಿನದಲ್ಲ, ಸಂಗೀತದ್ದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕ ಮುಂದೆ ಪಂಚಾಕ್ಷರ ಗವಾಯಿಗಳಾಗಿ, ಶಿಷ್ಯರನ್ನೆಲ್ಲ ಕಟ್ಟಿಕೊಂಡು ಊರಿಂದ ಊರಿಗೆ ಸಾಗುವ ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಅದೇ ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅದೇ ತಾಲ್ಲೂಕಿನ ದೇವಗಿರಿಯವರಾದ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ಮುನ್ನಡೆಸಿದರು. ಅಂಧರು, ಅನಾಥರು, ಬಡವರು ಜಾತಿಯ ಪ್ರಶ್ನೆಯಿಲ್ಲದೆ ಉಂಡು, ಕಲಿತು, ಹಾಡಿದ ಈ ಆಶ್ರಮವು ಒಂದು ಸಮಾಜದವರಿಗೆಂದೇ ಮೀಸಲಾಗಿದ್ದ ಬೋರ್ಡಿಂಗುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಏಕೆಂದರೆ ತನ್ನವರಿಗೆ ತೆರೆದ ಬಾಗಿಲು ಉಳಿದವರಿಗೆ ಮುಚ್ಚಿದ ಬಾಗಿಲೂ ಆಗಿರುತ್ತದೆ. ಬ್ರಾಹ್ಮಣ ವಿದ್ಯಾರ್ಥಿಗಳು ವಾರಾನ್ನದ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಂತೆ ಸರದಿಯಲ್ಲಿ ಉಣ್ಣುವ, ಪದ್ಧತಿಯಿಂದ ಓದುತ್ತಿದ್ದರೆ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಆ ಮನೆಗಳ ಪಡಸಾಲೆಯೂ ಇರಲಿಲ್ಲ, ಬೋರ್ಡಿಂಗುಗಳ ಪಂಕ್ತಿಯೂ ಇರಲಿಲ್ಲ. ಅವರಿಗಾಗಿ ಡಾ. ಬಿ.ಆರ್. ಅಂಬೇಡ್ಕರರು 1929ರಲ್ಲಿ ಧಾರವಾಡದಲ್ಲಿ ವಸತಿ ನಿಲಯವೊಂದನ್ನು ತೆರೆಸಿದರು.

ವಿದ್ಯಾರ್ಥಿಗಳೂ ತರುಣರೂ ತಾವಾಗಿಯೇ ಕಟ್ಟಿಕೊಂಡ ಸಹೋದರತ್ವಕ್ಕೆ ಧಾರವಾಡದಲ್ಲಿ ಹತ್ತಿರದ ಉದಾಹರಣೆ ದ.ರಾ. ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ಕೂಡಿದ ಗೆಳೆಯರ ಗುಂಪು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ, ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು ಈ ಗುಂಪಿನಲ್ಲಿ ಬೆಳೆದವರು, ರಂ.ಶ್ರೀ. ಮುಗಳಿ, ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮರೂ ಇದರಲ್ಲಿದ್ದರು. ಇಲ್ಲಿ ಪ್ರತಿಜ್ಞೆಯಾಗಲಿ ಅಕ್ಷರದ ಲಾಂಛನವಾಗಲಿ ಇರಲಿಲ್ಲ, ಕವಿತೆ ಓದುವುದು, ಪತ್ರಿಕೆ ನಡೆಸುವುದು, ಒಬ್ಬರ ಬರಹವನ್ನು ಮತ್ತೊಬ್ಬರು ತಿದ್ದುವುದು ಇವೇ ಅವರನ್ನು ಕೂಡಿಸಿದ್ದವು.

ರಾಣೆಬೆನ್ನೂರಿನ ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿ ಸಲ್ಲಿಸಿದ ಮೇಲಿನ ದಶಕಗಳಲ್ಲಿ ಮಠ ಮತ್ತು ಸಮಾಜಗಳು ಹೊತ್ತಿದ್ದ ಹೊಣೆಯ ದೊಡ್ಡ ಪಾಲು ಸರ್ಕಾರಿ ವಿದ್ಯಾರ್ಥಿ ನಿಲಯಗಳ ಮೇಲೆ ಬಿತ್ತು. ಹಳೆಯ ಬೋರ್ಡಿಂಗುಗಳು ಹೆಚ್ಚಾಗಿ ಗಂಡುಮಕ್ಕಳಿಗೆಂದೇ ಇದ್ದವು. ಹಾನಗಲ್ಲ, ಹಿರೇಕೆರೂರು ಕಡೆಯ ಹೆಣ್ಣುಮಕ್ಕಳು ಮನೆಯಿಂದ ದೂರ ಉಳಿದು ಓದುವುದು ದೊಡ್ಡ ಸಂಖ್ಯೆಯಲ್ಲಿ ಸಾಧ್ಯವಾದದ್ದು ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿನಿಯರ ನಿಲಯಗಳು ತೆರೆದ ಮೇಲೆಯೇ.