ಜೇಬಿಗೆ ಇಳಿದ ಇನ್ಸುಲಿನ್

1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಹುಡುಗ ಬದುಕಿಕೊಂಡ. ಜೀವ ಉಳಿಸುವ ಮದ್ದೇನೋ ಸಿಕ್ಕಿತು, ಅದನ್ನು ದಿನಾ ಚುಚ್ಚಿಕೊಳ್ಳುವ ಪಾಡು ಮಾತ್ರ ಬಹುಕಾಲ ತಪ್ಪಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಬೇಕು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಉಜ್ಜಬೇಕು. ಪ್ಲಾಸ್ಟಿಕ್ ಸಿರಿಂಜ್ ಬಂದ ಮೇಲೆ ಕುದಿಸುವ ಕೆಲಸ ನಿಂತಿತು. ಬಾಟಲಿಯಿಂದ ಮದ್ದು ಎಳೆದು, ಗುಳ್ಳೆ ಹೊಡೆದು, ಸಣ್ಣ ಗೆರೆಗೆ ಕಣ್ಣು ನೆಟ್ಟು ಅಳೆಯುವುದು ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯೋ ಎಷ್ಟೋ ಜನರ ಕಣ್ಣನ್ನೇ ಮಂಜಾಗಿಸುತ್ತದೆ!

ಅಳತೆಯ ಈ ಗೋಳನ್ನು ಇಳಿಸಿದ್ದು ಗ್ಲಾಸ್ಗೋದ ವೈದ್ಯ ಜಾನ್ ಐರ್ಲೆಂಡ್ ಮತ್ತು ಸಂಗಡಿಗರು. ಊಟಕ್ಕೊಂದು ಚುಚ್ಚು ಬೇಕೆಂದರೆ ಸಲಕರಣೆ ಜೇಬಿನಲ್ಲಿರಬೇಕು ಎಂಬುದು ಅವರ ಲೆಕ್ಕ. ಮದ್ದು ತುಂಬಿಟ್ಟ ಮಾಮೂಲಿ ಸಿರಿಂಜನ್ನೇ ಪೆನ್ನಿನಂಥ ಕೊಳವೆಯಲ್ಲಿ ಕೂರಿಸಿದ ಸಾಧನವನ್ನು ಅವರು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದರು. ಹೆಸರು ಬಂದಿದ್ದು ಮಾತ್ರ ಡೆನ್ಮಾರ್ಕ್‌ನ ನೊವೊ ಕಂಪನಿಗೆ. ಅದು 1985ರಲ್ಲಿ ಕಾರ್ಟ್ರಿಜ್ ಹಾಕುವ ‘ನೊವೊಪೆನ್’ ತಂದಿತು. ಮೂರು ವರ್ಷಕ್ಕೆ ಡೋಸ್ ತಿರುಗಿಸಿ ಹೊಂದಿಸುವ ಪೆನ್ ಬಂತು.

ಪೆನ್ನಿನ ಜಾಣ್ಮೆಯೆಲ್ಲ ಅದರೊಳಗಿನ ತಿರುಪಿನಲ್ಲಿದೆ. ಹಿಂಬದಿಯ ಗುಂಡಿಯನ್ನು ‘ಟಿಕ್’ ಎಂದು ಒಂದು ಮನೆ ತಿರುಗಿಸಿದರೆ ಒಂದು ಯೂನಿಟ್, ಅಂದರೆ 0.01 ಮಿಲಿಲೀಟರ್. ಒತ್ತಿದಾಗ ಒಳಗಿನ ಕಡ್ಡಿ ಅಷ್ಟೇ ಮುಂದೆ ಸರಿದು ಕಾರ್ಟ್ರಿಜ್‌ನ ರಬ್ಬರ್ ಬಿರಡೆಯನ್ನು ತಳ್ಳುತ್ತದೆ. ಪೆನ್ನೇ ಅಳೆದುಕೊಡುವುದರ ಉಪಯೋಗ ನಮ್ಮಲ್ಲಿ ಇನ್ನೂ ಹೆಚ್ಚು. ಭಾರತದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಕಾರ್ಟ್ರಿಜ್‌ನ ಮದ್ದನ್ನು ಕೆಂಪು ಮುಚ್ಚಳದ 40ರ ಸಿರಿಂಜಿಗೆ ಎಳೆದು 20ರ ಗೆರೆಗೆ ನಿಲ್ಲಿಸಿದರೆ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಇಷ್ಟು ಸಾಕು.

ಅಳತೆ ಸರಿಯಾದರೂ ಆಳದ ಪ್ರಶ್ನೆ ಉಳಿದಿತ್ತು. ಇನ್ಸುಲಿನ್ ಸೇರಬೇಕಾದ್ದು ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ. ಸೂಜಿ ಮಾಂಸಖಂಡಕ್ಕೆ ಇಳಿದರೆ ಮದ್ದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ದಿಢೀರ್ ಇಳಿಯಬಹುದು. ಹಿಂದೆ 12.7 ಮಿಲಿಮೀಟರ್ ಸೂಜಿಯೇ ರೂಢಿ; ಅದಕ್ಕೇ ಚರ್ಮ ಮಡಿಸಿ ಹಿಡಿದು ಚುಚ್ಚಬೇಕಿತ್ತು. ದಪ್ಪ ಮೈಯವರಿಗೆ ಉದ್ದ ಸೂಜಿ ಎಂದು ವೈದ್ಯರೂ ನಂಬಿದ್ದರು. ಅಲ್ಟ್ರಾಸೌಂಡಿನಲ್ಲಿ ಅಳೆದು ನೋಡಿದರೆ ಚುಚ್ಚುವ ಜಾಗಗಳಲ್ಲಿ ಚರ್ಮದ ದಪ್ಪ ಸರಾಸರಿ ಎರಡು, ಎರಡೂವರೆ ಮಿಲಿಮೀಟರ್ ಅಷ್ಟೆ. ದಪ್ಪಗಿದ್ದವರಿಗೂ ತೆಳ್ಳಗಿದ್ದವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. 2010ರ ಹೊತ್ತಿಗೆ 4 ಮಿಲಿಮೀಟರ್ ಸೂಜಿ ಮಾರುಕಟ್ಟೆಗೆ ಬಂತು. ನನ್ನನ್ನು ಕೇಳಿದರೆ, ಪೆನ್ನಿಗಿಂತ ದೊಡ್ಡ ಉಪಕಾರ ಈ ಗಿಡ್ಡ ಸೂಜಿಯದು. ಹೆಚ್ಚಿನ ವಯಸ್ಕರು ಇದನ್ನು ನೆಟ್ಟಗೆ ಚುಚ್ಚಿದರಾಯಿತು, ಚರ್ಮ ಮಡಿಸುವ ತಾಪತ್ರಯವಿಲ್ಲ.

ಗುಂಡಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ಕೀಳಬಾರದು, ಇಲ್ಲದಿದ್ದರೆ ತುದಿಯಲ್ಲೇ ಒಂದು ಹನಿ ಉಳಿದುಬಿಡುತ್ತದೆ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಮೆತ್ತನೆಯ ಗಂಟು ಕಟ್ಟುತ್ತದೆ. ಗಂಟಿನ ಮೇಲೆ ನೋವು ಕಡಿಮೆ, ಹಾಗಾಗಿ ಜನ ಅಲ್ಲಿಗೇ ಚುಚ್ಚಿಕೊಳ್ಳುತ್ತಾರೆ. ಅಲ್ಲಿಂದ ಇನ್ಸುಲಿನ್ ರಕ್ತ ಸೇರುವುದು ಒಂದು ದಿನ ಒಂದು ಥರ. ನೊವೊಪೆನ್ 6ರಂಥ ಸ್ಮಾರ್ಟ್ ಪೆನ್ ಎಷ್ಟು ಯೂನಿಟ್, ಯಾವಾಗ ಎಂದು ದಾಖಲಿಸಿಡುತ್ತದೆ. ಎಲ್ಲಿ ಚುಚ್ಚಿದ್ದು ಎಂಬುದನ್ನು ಇಂದಿಗೂ ಅವರವರೇ ನೆನಪಿಟ್ಟುಕೊಳ್ಳಬೇಕು, ಹೊಟ್ಟೆಯ ಮೇಲೆ ಬೆರಳಾಡಿಸಿ ಗಂಟು ಹುಡುಕಿಕೊಳ್ಳಬೇಕು.