ಚಾಸಿ ಮೊದಲು, ಪೇಂಟ್ ಕೊನೆಗೆ: ಹಳೇ ಪಿಕಪ್ ಬಗ್ಗೆ ಏಳು ತಪ್ಪು ಕಲ್ಪನೆಗಳು

ಬೆಂಗಳೂರಿನ ಶ್ರೀರಾಂಪುರದ ಒಳಬೀದಿಗಳಲ್ಲಿ ಎರಡೂ ಬದಿ ಸ್ಕೂಟರ್ ನಿಂತರೆ ನಡುವೆ ದೊಡ್ಡ ಲಾರಿ ನುಗ್ಗುವುದಿಲ್ಲ. ತರಕಾರಿ ಮೂಟೆ, ಗ್ಯಾಸ್ ಸಿಲಿಂಡರ್, ಮದುವೆ ಮನೆಯ ಪಾತ್ರೆ, ಬಾಡಿಗೆ ಮನೆ ಬದಲಿಸುವವರ ಬೀರು-ಮಂಚ ಎಲ್ಲವೂ ಬರುವುದು ಸಣ್ಣ ಗಾಡಿಯಲ್ಲೇ. 1969ರಲ್ಲಿ ಬಂದ ಬಜಾಜ್ ಟೆಂಪೊ ಮೆಟಾಡೋರ್, 1986ರ ಟಾಟಾ 407, 1988ರ ಟಾಟಾಮೊಬೈಲ್ 206, ಅದರ ಬೆನ್ನಿಗೆ ಬಂದ 207, 2005ರ ಏಸ್. ಇಂಥದೊಂದು ಗಾಡಿ ಇಪ್ಪತ್ತು ವರ್ಷ ಮನೆಗೆ ಅನ್ನ ಹಾಕಿದ್ದರೆ ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬಾರದು. ಸರಿಮಾಡಿಸೋಣ ಎಂದು ಹೊರಟರೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಅವುಗಳಲ್ಲಿ ಕೆಲವು ದುಡ್ಡು ಹಾಳುಮಾಡುತ್ತವೆ, ಕೆಲವು ಜೀವಕ್ಕೇ ಸಂಚಕಾರ ತರುತ್ತವೆ. ಆ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: "ಹದಿನೈದು ವರ್ಷ ಆಯ್ತು ಅಂದ್ರೆ ಗಾಡಿ ಗುಜರಿಗೇ."

ಸತ್ಯ: ಈ ಮಾತು ಹುಟ್ಟಿದ್ದು ದೆಹಲಿಯ ಸುದ್ದಿಯಿಂದ. ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂಬ ಮಿತಿ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಗೊಂದಲ ಇನ್ನಷ್ಟು ಹೆಚ್ಚಿತು. ಇವೆರಡೂ ಬೆಂಗಳೂರಿನ ಖಾಸಗಿ ಮಾಲೀಕರಿಗೆ ಅನ್ವಯಿಸುವುದಿಲ್ಲ. ಖಾಸಗಿ ವಾಹನವಾಗಿ ನೋಂದಣಿಯಾದ ಗಾಡಿಯಾದರೆ 15 ವರ್ಷದ ನಂತರ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಸರಕು ಸಾಗಣೆ ವಾಹನವಾಗಿ ನೋಂದಣಿಯಾದದ್ದು ಎಂಟು ವರ್ಷ ದಾಟಿದರೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ, ಅಂದರೆ ಎಫ್‌ಸಿ ಆಗಬೇಕು. 2022ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಶುಲ್ಕ ಏರಿದೆ ಎಂಬುದು ನಿಜ, ಅದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

50 ವರ್ಷ ದಾಟಿದ ಕೆಲವು ಬಗೆಯ ಗಾಡಿಗಳಿಗೆ 2021ರ ನಿಯಮದ ಪ್ರಕಾರ 'ವಿಂಟೇಜ್' ನೋಂದಣಿ ಸಿಗುತ್ತದೆ. ಆದರೆ ಅದು ಪ್ರದರ್ಶನಕ್ಕೆ, ರ್‍ಯಾಲಿಗೆ ಮಾತ್ರ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದರಲ್ಲಿ ಅವಕಾಶವಿಲ್ಲ.

ತಪ್ಪು ಕಲ್ಪನೆ 2: "ಹಳೇ ಕಬ್ಬಿಣ ಗಟ್ಟಿ. ಪುಟ್ಟಿ ಹಚ್ಚಿ ಪೇಂಟ್ ಹೊಡೆದ್ರೆ ತುಕ್ಕು ನಿಲ್ಲುತ್ತೆ."

ಸತ್ಯ: ತುಕ್ಕಿಗೆ ಬೇಕಾದದ್ದು ನೀರು ಮತ್ತು ಗಾಳಿ. ತುಕ್ಕಿನ ಪದರದಲ್ಲಿ ಎರಡೂ ಅಡಗಿರುತ್ತವೆ. ಮೇಲೆ ಬಣ್ಣ ಬಳಿದರೆ ಅವು ಒಳಗೇ ಕೆಲಸ ಮುಂದುವರಿಸುತ್ತವೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಂದೆರಡು ಮಳೆಗಾಲದಲ್ಲೇ ಹೊಸ ಬಣ್ಣ ಗುಳ್ಳೆಯಂತೆ ಉಬ್ಬಿ ಸಿಡಿಯುತ್ತದೆ. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ತಗಡು ವೆಲ್ಡ್ ಮಾಡಿ, ಉಳಿದ ಕಡೆ ಬರಿ ಲೋಹ ಹೊಳೆಯುವ ತನಕ ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟ ಮೇಲೆಯೇ ಬಣ್ಣ. ಪುಟ್ಟಿ ಇರುವುದು ಸಣ್ಣ ತಗ್ಗನ್ನು ಸಮ ಮಾಡಲು, ತೂತು ಮುಚ್ಚಲು ಅಲ್ಲ.

ಬಾಡಿಗಿಂತ ಮೊದಲು ನೋಡಬೇಕಾದದ್ದು ಚಾಸಿ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗ್ ಬ್ಲೇಡ್ ಕೂರುವ ಬ್ರ್ಯಾಕೆಟ್‌ಗಳ ಸುತ್ತ, ಕೆಸರು ಕಟ್ಟಿಕೊಳ್ಳುವ ಮೂಲೆಗಳಲ್ಲಿ ವಿಶೇಷ ಗಮನ ಇರಲಿ.

ತಪ್ಪು ಕಲ್ಪನೆ 3: "ಬ್ರೇಕ್ ಆಯಿಲ್ ಕಡಿಮೆ ಆದ್ರೆ ಸುರಿದ್ರೆ ಸಾಕು, ಬದಲಾಯಿಸೋದು ಯಾಕೆ?"

ಸತ್ಯ: ನಾವು ಆಯಿಲ್ ಎನ್ನುತ್ತೇವೆ, ಆದರೆ ಈ ಗಾಡಿಗಳ ಬ್ರೇಕಿನಲ್ಲಿರುವುದು ಎಣ್ಣೆ ಅಲ್ಲವೇ ಅಲ್ಲ. ಅದು ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿಕೊಂಡ ದ್ರವಕ್ಕೆ ಅದೇ ಮಾನದಂಡ 140 ಡಿಗ್ರಿಗೆ ಇಳಿಯುತ್ತದೆ. ಲೋಡ್ ಹೊತ್ತು ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಆ ದ್ರವ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಕೂರುತ್ತದೆ, ಗಾಡಿ ನಿಲ್ಲುವುದಿಲ್ಲ. ಅದೇ ನೀರು ವೀಲ್ ಸಿಲಿಂಡರಿನ ಒಳಗೆ ತುಕ್ಕನ್ನೂ ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರಂತೂ ರಬ್ಬರ್ ಕಪ್‌ಗಳು ಊದಿ ಇಡೀ ಬ್ರೇಕ್ ಕೆಡುತ್ತದೆ.

ತಪ್ಪು ಕಲ್ಪನೆ 4: "ಎರಡು ಬ್ಲೇಡ್ ಜಾಸ್ತಿ ಹಾಕಿಸಿದ್ರೆ ಅರ್ಧ ಟನ್ ಹೆಚ್ಚು ಹೊರುತ್ತೆ."

ಸತ್ಯ: ಬ್ಲೇಡ್ ಹೆಚ್ಚಿಸಿದರೆ ಗಾಡಿಯ ಹಿಂಭಾಗ ಕುಸಿಯದೆ ನಿಲ್ಲುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಚಾಸಿ ಯಾವುದಕ್ಕೂ ಅದರಿಂದ ಹೊಸ ಶಕ್ತಿ ಬರುವುದಿಲ್ಲ. ಕುಸಿಯುವುದು ಗಾಡಿ ಕೊಡುವ ಎಚ್ಚರಿಕೆ. ಬ್ಲೇಡ್ ಸೇರಿಸಿದರೆ ಆ ಎಚ್ಚರಿಕೆ ಮಾತ್ರ ಅಳಿಸಿಹೋಗುತ್ತದೆ. ಖಾಲಿ ಓಡುವಾಗ ಬಿಗಿಯಾದ ಹಿಂಭಾಗ ಹಳ್ಳಕ್ಕೆ ಹಾರಿ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುವುದೂ ಉಂಟು. ಎಷ್ಟು ಹೊರಬಹುದು ಎಂಬುದನ್ನು ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಹೇಳುತ್ತದೆ. ಸೋತ ಬ್ಲೇಡ್ ಇದ್ದರೆ ಅದೇ ಮಾದರಿಯ ಪೂರ್ತಿ ಸೆಟ್, ಬುಷ್, ಶ್ಯಾಕಲ್ ಸಮೇತ ಬದಲಿಸಿ.

ತಪ್ಪು ಕಲ್ಪನೆ 5: "ಥರ್ಮೋಸ್ಟಾಟ್ ತೆಗೆದುಬಿಡಿ, ಹೀಟ್ ಆಗಲ್ಲ. ಕೂಲಂಟ್ ಚಳಿ ದೇಶಕ್ಕೆ, ನಮಗೆ ನಲ್ಲಿ ನೀರು ಸಾಕು."

ಸತ್ಯ: ಥರ್ಮೋಸ್ಟಾಟ್ ಎಂದರೆ ಎಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು. ಸುಮಾರು 80 ಡಿಗ್ರಿ ದಾಟಿದ ಮೇಲೆ ಅದು ತೆರೆಯುತ್ತದೆ. ಕಿತ್ತು ಹಾಕಿದರೆ ಎಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅಲ್ಲಿ ಅದನ್ನು ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರ್ ಮುಟ್ಟದೆ ಸುತ್ತುತ್ತಲೇ ಇದ್ದು, ಏರಿನಲ್ಲಿ ಗಾಡಿ ಇನ್ನೂ ಹೆಚ್ಚು ಕಾಯುತ್ತದೆ.

ಇನ್ನು ನೀರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡ ಹಿಡಿದು ಆ ಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ. ಆದ್ದರಿಂದ ಸಡಿಲ ಮುಚ್ಚಳ ಸಣ್ಣ ದೋಷವಲ್ಲ. ಕೂಲಂಟ್ ಕುದಿಯುವ ಮಿತಿಯನ್ನು ಮತ್ತಷ್ಟು ಏರಿಸಿ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿ ಪದರವನ್ನೇ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಕೂಲಂಟನ್ನು ಬಟ್ಟಿ ಇಳಿಸಿದ ನೀರಿನ ಜೊತೆ ಬೆರೆಸಿ ಹಾಕಿ.

ತಪ್ಪು ಕಲ್ಪನೆ 6: "ಹೊಗೆ ಬಂತು ಅಂದ್ರೆ ಎಂಜಿನ್ ಬೋರ್‌ಗೆ ಬಂತು."

ಸತ್ಯ: ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಎಷ್ಟೋ ಸಲ ಏರ್ ಫಿಲ್ಟರ್ ಬದಲಿಸಿ, ನಾಝಲ್ ಪರೀಕ್ಷೆ ಮಾಡಿಸಿದರೆ ಅಲ್ಲಿಗೇ ಮುಗಿಯುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವ ಗುರುತು, ಅಲ್ಲಿ ರಿಂಗ್, ಬೋರ್, ವಾಲ್ವ್ ಗೈಡ್ ನೋಡಬೇಕು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಎಂಜಿನ್ ಬಿಚ್ಚಿಸುವ ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಅಳತೆಯಿಲ್ಲದೆ ಬಿಚ್ಚಿದರೆ ಖರ್ಚಿಗೆ ಲೆಕ್ಕವಿರುವುದಿಲ್ಲ.

ತಪ್ಪು ಕಲ್ಪನೆ 7: "ನನ್ನ ಗಾಡಿ, ನನ್ನ ದುಡ್ಡು. ಬೇರೆ ದೊಡ್ಡ ಎಂಜಿನ್ ಕೂರಿಸಿದ್ರೆ ಯಾರು ಕೇಳ್ತಾರೆ?"

ಸತ್ಯ: ಕಾನೂನು ಕೇಳುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಎಂದಾಯಿತು. ಅದೇ ಮಾದರಿಯ ಎಂಜಿನ್ ಬದಲಿಸುವುದಿದ್ದರೂ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಬಿಲ್ ಕೇಳಿ ಪಡೆದು ಜೋಪಾನ ಮಾಡಿ.

ಕಾನೂನನ್ನು ಬದಿಗಿಟ್ಟರೂ ಲೆಕ್ಕ ಒಂದಿದೆ. ವೇಗ 40ರಿಂದ 60 ಕಿಲೋಮೀಟರ್‌ಗೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಎಂಜಿನ್ ಹೊಸದು, ಬ್ರೇಕ್ ಅದೇ ಹಳೆಯ ಡ್ರಮ್ ಎಂದರೆ ಏನಾದೀತೆಂದು ಯೋಚಿಸಿ.

ಹಾಗಾದರೆ ದುಡ್ಡು ಯಾವ ಸಾಲಿನಲ್ಲಿ ಖರ್ಚಾಗಬೇಕು? ಮೊದಲು ಚಾಸಿ. ಆಮೇಲೆ ಬ್ರೇಕ್, ಸ್ಟಿಯರಿಂಗ್, ಟೈರ್. ನಂತರ ರೇಡಿಯೇಟರ್ ಮತ್ತು ವೈರಿಂಗ್. ಎಂಜಿನ್ನಿಗೆ ಅಳತೆ ಹೇಳಿದಷ್ಟು. ಉಳಿದದ್ದು ಬಣ್ಣಕ್ಕೆ. ಈ ಸಾಲಿನ ಮೊದಲರ್ಧ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೇ ಅದನ್ನು ಹಿಂದಕ್ಕೆ ತಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ತಳ್ಳಬೇಡಿ. ಈ ಗಾಡಿ ಓಡುವುದು ಮನೆ ಬಾಗಿಲಿನಿಂದ ಎರಡು ಹೆಜ್ಜೆಗೇ ರಸ್ತೆ ಶುರುವಾಗುವ ಬೀದಿಗಳಲ್ಲಿ. ಚೆಂಡಿನ ಹಿಂದೆ ಮಗು ಓಡಿಬಂದ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿದ ಆ ಬ್ರೇಕ್ ದ್ರವ.